ಕಾಲಿಗೆ ನೀರು

ನಮ್ಮ ಹಳ್ಳಿಗಳಲ್ಲಿ ಮನೆಗೆ ನೆಂಟರು ಬಂದಾಗ ಮೊದಲು ಕೊಡುವುದು ಏನು? ಕಾಫಿಯಲ್ಲ, ತಿಂಡಿಯಲ್ಲ. ಒಂದು ಚೆಂಬು ನೀರು. ಅದು ಕುಡಿಯುವುದಕ್ಕಲ್ಲ, ಕಾಲು ತೊಳೆದುಕೊಳ್ಳುವುದಕ್ಕೆ. ನೀರು ಕೊಡುವುದು ಮನೆಯವರ ಮರ್ಯಾದೆ. ತೊಳೆದುಕೊಳ್ಳುವುದು ಬಂದವರ ಕೆಲಸ. ಇನ್ನು ಹಿರಿಯರನ್ನು ಕಂಡರೆ ಕಾಲು ಮುಟ್ಟಿ ನಮಸ್ಕರಿಸುತ್ತೇವೆ. ಅಂದರೆ ಕಾಲು ಮುಟ್ಟುವವನು ಚಿಕ್ಕವನು, ಮುಟ್ಟಿಸಿಕೊಳ್ಳುವವನು ದೊಡ್ಡವನು ಎಂಬುದು ನಮ್ಮ ಲೆಕ್ಕ.

ಈ ಲೆಕ್ಕ ತಲೆಕೆಳಗಾದ ಪ್ರಸಂಗವೊಂದು ಕ್ರೈಸ್ತರ ಪವಿತ್ರ ಗ್ರಂಥದಲ್ಲಿದೆ. ಯೋಹಾನನು ಬರೆದ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ. ಶಿಷ್ಯರೊಡನೆ ಊಟಕ್ಕೆ ಕುಳಿತಿದ್ದಾರೆ. ಆಗಿನ ಪ್ಯಾಲಸ್ಟೈನಿನ ದಾರಿಗಳು ಧೂಳಿನವು. ಜನ ತೊಡುತ್ತಿದ್ದುದು ತೆರೆದ ಚಪ್ಪಲಿ. ಬಂದವರ ಕಾಲು ತೊಳೆಯುವುದು ಮನೆಯ ಆಳುಗಳಲ್ಲೂ ತೀರ ಕೆಳಗಿನವರ ಪಾಲಿನ ಕೆಲಸ. ಆ ರಾತ್ರಿ ಯೇಸು ಊಟದಿಂದ ಎದ್ದು, ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲು ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿಕೊಂಡು ಶಿಷ್ಯರ ಕಾಲುಗಳನ್ನು ಒಬ್ಬೊಬ್ಬರದಾಗಿ ತೊಳೆದು ಒರೆಸಿದರು. ಪೇತ್ರನೆಂಬ ಶಿಷ್ಯ ಗಾಬರಿಯಾಗಿ ಬೇಡವೆಂದ. ಗುರು ಬಿಡಲಿಲ್ಲ. ಕೊನೆಗೆ, ನಾನು ಮಾಡಿದಂತೆ ನೀವೂ ಒಬ್ಬರಿಗೊಬ್ಬರು ಮಾಡಬೇಕೆಂದು ತಿಳಿಸಿದರು.

ಇಂದು ನಿಮ್ಮೊಡನೆ ನಾನು ಮಾತನಾಡಬೇಕೆಂದಿರುವುದು ಈ ಬೋಗುಣಿ ಮತ್ತು ಟವೆಲಿನ ಬಗ್ಗೆ. ಕ್ರೈಸ್ತ ಸಮುದಾಯದ ಬದುಕಿನಲ್ಲಿ ವಿನಯ ಮತ್ತು ಸೇವೆ ಎಂಬ ಎರಡು ಮಾತುಗಳು ಈ ಒಂದು ಚಿತ್ರದಲ್ಲಿ ಕೂಡಿಕೊಂಡಿವೆ.

ವಿನಯ ಎಂದರೆ ಸಾಮಾನ್ಯವಾಗಿ ನಾವು ತಿಳಿಯುವುದೇನು? ತಲೆ ತಗ್ಗಿಸುವುದು, ಮೆಲ್ಲಗೆ ಮಾತಾಡುವುದು, ಯಾರಾದರೂ ಹೊಗಳಿದರೆ 'ನನ್ನದೇನಿದೆ' ಎನ್ನುವುದು. ಇವೆಲ್ಲ ಒಳ್ಳೆಯ ನಡತೆಯೇ. ಆದರೆ ಇವನ್ನು ಅಭಿನಯಿಸುವುದೂ ಸುಲಭ. ಮೇಲೆ ಹೇಳಿದ ಪ್ರಸಂಗದಲ್ಲಿ ಅಭಿನಯಕ್ಕೆ ಎಡೆಯಿಲ್ಲ. ಅಲ್ಲಿ ಒಂದು ಕೆಲಸ ಬಾಕಿ ಇತ್ತು. ಯಾರೂ ಏಳಲಿಲ್ಲ. ಒಬ್ಬರು ಎದ್ದು ಮಾಡಿದರು. ಮಾಡಬೇಕಾದರೆ ಕೆಳಕ್ಕೆ ಬಗ್ಗಲೇಬೇಕು. ನಿಂತುಕೊಂಡು ಇನ್ನೊಬ್ಬರ ಕಾಲು ತೊಳೆಯಲು ಬರುವುದಿಲ್ಲ.

ಈ ಮಾತು ನನಗೆ ಮನದಟ್ಟಾದದ್ದು ನನ್ನ ವೃತ್ತಿಯಿಂದ. ದೂರದರ್ಶನಕ್ಕೆ ಕಾರ್ಯಕ್ರಮ ತಯಾರಿಸುವ ಕೆಲಸ ನನ್ನದು. ಹೊಸದರಲ್ಲಿ ಒಮ್ಮೆ, ನೆಲದ ಮೇಲೆ ಕುಳಿತು ಬುಟ್ಟಿ ಹೆಣೆಯುವ ಅಜ್ಜಿಯೊಬ್ಬರನ್ನು ಚಿತ್ರೀಕರಿಸಲು ಹೋಗಿದ್ದೆ. ಅವಸರದಲ್ಲಿ ಕ್ಯಾಮೆರಾವನ್ನು ನಿಂತ ಮನುಷ್ಯನ ಎತ್ತರದಲ್ಲೇ ಇಡಿಸಿದೆ. ಆಮೇಲೆ ಸಂಕಲನದ ಕೊಠಡಿಯಲ್ಲಿ ನೋಡಿದರೆ ಕಂಡದ್ದು ಆ ಅಜ್ಜಿಯ ನೆತ್ತಿ ಮಾತ್ರ. ಬಿದಿರಿನ ಸೀಳನ್ನು ಅವರ ಬೆರಳು ಹೇಗೆ ಹಿಡಿಯುತ್ತಿತ್ತು, ಕಾಲಿನ ಹೆಬ್ಬೆರಳು ಹೇಗೆ ಅದಕ್ಕೆ ನೆರವಾಗುತ್ತಿತ್ತು ಎಂಬುದು ಒಂದೂ ಕಾಣಲಿಲ್ಲ. ಮರುದಿನ ಮತ್ತೆ ಹೋಗಿ ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ, ನಾವೂ ನೆಲದ ಮೇಲೆ ಕುಳಿತೆವು. ಆಗ ಎಲ್ಲವೂ ಕಂಡಿತು. ಅಜ್ಜಿಗೆ ಗೌರವ ತೋರಿಸಲೆಂದು ನಾವು ಕುಳಿತದ್ದಲ್ಲ. ಕುಳಿತಲ್ಲದೆ ಕಾಣುತ್ತಿರಲಿಲ್ಲ, ಅದಕ್ಕೆ ಕುಳಿತೆವು.

ವಿನಯದ ನಿಜವಾದ ಉಪಯೋಗ ಇದೇ ಎಂದು ನನಗೆ ತೋರುತ್ತದೆ. ತಗ್ಗಿದವನಿಗೆ ಮಾತ್ರ ಕೆಲವು ಸಂಗತಿಗಳು ಕಾಣುತ್ತವೆ. ಕಂಡ ಮೇಲೆ ಮಾತ್ರ ಸರಿಯಾದ ಸೇವೆ ಸಾಧ್ಯ.

ಕ್ರೈಸ್ತ ಸಮುದಾಯಗಳಲ್ಲಿ ಇದನ್ನು ಬರಿಯ ಭಾವನೆಯಾಗಿ ಬಿಡದೆ ದಿನಚರಿಯ ಭಾಗವಾಗಿ ಮಾಡಿದವರಿದ್ದಾರೆ. ಆರನೆಯ ಶತಮಾನದಲ್ಲಿ ಇಟಲಿಯ ಮೊಂತೆ ಕಸಿನೊ ಬೆಟ್ಟದ ಮೇಲೆ ಸಂತ ಬೆನೆಡಿಕ್ಟ್ ಒಂದು ಸನ್ಯಾಸಿ ಮಠವನ್ನು ಕಟ್ಟಿದರು. ಮಠದಲ್ಲಿ ಒಟ್ಟಿಗೆ ಬಾಳುವವರಿಗಾಗಿ 73 ಅಧ್ಯಾಯಗಳ ಒಂದು ನಿಯಮಾವಳಿಯನ್ನು ಬರೆದರು. ಅದರ ಏಳನೆಯ ಅಧ್ಯಾಯ ವಿನಯದ ಹನ್ನೆರಡು ಮೆಟ್ಟಿಲುಗಳನ್ನು ಕುರಿತದ್ದು. ಅದು ಬಹಳ ಪ್ರಸಿದ್ಧ. ಆದರೆ ನನಗೆ ಹೆಚ್ಚು ಹಿಡಿಸಿದ್ದು 35ನೆಯ ಅಧ್ಯಾಯ. ಅದು ಅಡುಗೆಮನೆಯ ಕೆಲಸದ ಬಗ್ಗೆ ಹೇಳುತ್ತದೆ.

ಆ ನಿಯಮದ ಪ್ರಕಾರ ಮಠವಾಸಿಗಳೆಲ್ಲರೂ ವಾರದ ಸರದಿಯಂತೆ ಅಡುಗೆಮನೆಯ ಸೇವೆ ಮಾಡಬೇಕು. ಕಾಯಿಲೆಯವರಿಗೂ ಮಠದ ಮುಖ್ಯ ಕಾರ್ಯದಲ್ಲಿ ತೊಡಗಿದವರಿಗೂ ಮಾತ್ರ ವಿನಾಯಿತಿ. ಅಶಕ್ತರಿಗೆ ಸಹಾಯಕರನ್ನು ಕೊಡಬೇಕು. ಶನಿವಾರ ಸರದಿ ಮುಗಿಸುವವನು ಅಡುಗೆಮನೆಯನ್ನು ಶುಚಿಮಾಡಿ, ಎಲ್ಲರೂ ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನು ಒಗೆಯಬೇಕು. ಅವನೂ, ಮುಂದಿನ ವಾರಕ್ಕೆ ಬರುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಪಾತ್ರೆಗಳನ್ನು ಚೊಕ್ಕಟವಾಗಿ ಉಗ್ರಾಣದವನಿಗೆ ಒಪ್ಪಿಸಬೇಕು.

ಇಲ್ಲಿನ ವಿವೇಕವನ್ನು ಗಮನಿಸಿ. ನೀವೆಲ್ಲ ವಿನಯವಂತರಾಗಿರಿ ಎಂದು ಉಪದೇಶಿಸಿದರೆ ಯಾರಾಗುತ್ತಾರೆ? ಅದರ ಬದಲು ಒಂದು ಸರದಿಪಟ್ಟಿ. ಶ್ರೀಮಂತ ಮನೆತನದಿಂದ ಬಂದವನಿಗೂ ಬಡವನಿಗೂ, ಪಂಡಿತನಿಗೂ ಪಾಮರನಿಗೂ ಅದೇ ಸರದಿ. ಪಾತ್ರೆ ತೊಳೆದವನಿಗೆ ಮಾತ್ರ, ತಾನು ತಟ್ಟೆಯಲ್ಲಿ ಬಿಟ್ಟು ಏಳುವ ಅನ್ನ ಇನ್ನೊಬ್ಬನಿಗೆ ಎಷ್ಟು ಕೆಲಸ ಎಂದು ತಿಳಿಯುತ್ತದೆ. ನಿಮ್ಮಲ್ಲಿ ವಿದ್ಯಾರ್ಥಿನಿಲಯಗಳಲ್ಲಿ ಇರುವವರು ಇದನ್ನು ಬೇಗ ಒಪ್ಪುತ್ತೀರಿ.

ಆದರೆ ಯಾವ ಒಳ್ಳೆಯ ಆಚರಣೆಗೂ ಒಂದು ಅಪಾಯ ಉಂಟು. ಅದು ಬರಬರುತ್ತ ಶಾಸ್ತ್ರವಾಗಿಬಿಡುತ್ತದೆ. ಈಸ್ಟರಿನ ಹಿಂದಿನ ಗುರುವಾರ ಎಷ್ಟೋ ಚರ್ಚುಗಳಲ್ಲಿ ಪಾದ ತೊಳೆಯುವ ವಿಧಿ ನಡೆಯುತ್ತದೆ. ಹನ್ನೆರಡು ಜನರನ್ನು ಕೂರಿಸಿ ಗುರುಗಳು ಅವರ ಪಾದ ತೊಳೆಯುತ್ತಾರೆ. ಅದಕ್ಕೆ ಬರುವವರು ಮನೆಯಲ್ಲೇ ಚೆನ್ನಾಗಿ ಕಾಲು ತೊಳೆದುಕೊಂಡು ಬಂದಿರುತ್ತಾರೆ, ಅಲ್ಲವೆ? ನಿಜವಾಗಿ ಕೊಳೆಯಾದ, ಗಾಯವಾದ ಕಾಲುಗಳು ಚರ್ಚಿನ ಹೊರಗೇ ಉಳಿದಿರುತ್ತವೆ. 2013ರ ಮಾರ್ಚಿನಲ್ಲಿ, ಆಗಷ್ಟೇ ಪೋಪ್ ಆಗಿದ್ದ ಫ್ರಾನ್ಸಿಸ್ ಅವರು ಈ ವಿಧಿಯನ್ನು ರೋಮಿನ ದೊಡ್ಡ ಚರ್ಚಿನಲ್ಲಿ ನಡೆಸದೆ, ಅಪರಾಧ ಮಾಡಿದ ಎಳೆಯರನ್ನು ಇರಿಸುವ ಬಂದೀಖಾನೆಗೆ ಹೋಗಿ ಹನ್ನೆರಡು ಮಂದಿ ಯುವಕ ಯುವತಿಯರ ಕಾಲು ತೊಳೆದರು. ಅವರಲ್ಲಿ ಮುಸ್ಲಿಮರೂ ಇದ್ದರು. ಆಚರಣೆಯನ್ನು ಅದರ ಮೂಲ ಅರ್ಥಕ್ಕೆ ಹತ್ತಿರ ತಂದ ಹೆಜ್ಜೆ ಅದು.

ಗಾಯವಾದ ಕಾಲು ಎಂದೆ. ಮಿತ್ರರೆ, ನಾನು ವಿಜ್ಞಾನ ಓದಿದವನಾದ್ದರಿಂದ ನನ್ನ ಮನಸ್ಸು ಇಲ್ಲಿ ಒಂದು ನಿಜವಾದ ಕಥೆಯ ಕಡೆಗೆ ಹೋಗುತ್ತದೆ. ಅದು ನಡೆದದ್ದು ನಮಗೆ ದೂರವಲ್ಲದ ತಮಿಳುನಾಡಿನ ವೆಲ್ಲೂರಿನಲ್ಲಿ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಹೆಸರನ್ನು ನೀವು ಕೇಳಿರುತ್ತೀರಿ. ಡಾ. ಐಡಾ ಸ್ಕಡರ್ ಎಂಬ ಮಹಿಳೆ 1900ರಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯವಾಗಿ ಆರಂಭಿಸಿದ ಸಂಸ್ಥೆ ಅದು. 1918ರಲ್ಲಿ ಅಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆಯಿತು. 1946ರಲ್ಲಿ ಆ ಕಾಲೇಜಿಗೆ ಪಾಲ್ ಬ್ರಾಂಡ್ ಎಂಬ ತರುಣ ಶಸ್ತ್ರವೈದ್ಯರು ಬಂದರು. ಅವರು ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿ ಮಲೆಯಲ್ಲಿ, ಮಿಷನರಿ ತಂದೆತಾಯಿಗಳ ಮಗನಾಗಿ. ಓದಿಗೆಂದು ಇಂಗ್ಲೆಂಡಿಗೆ ಹೋದವರು ವೈದ್ಯರಾಗುವ ಮೊದಲು ಕೆಲವು ವರ್ಷ ಕಟ್ಟಡ ಕಟ್ಟುವ ಕೆಲಸವನ್ನೂ ಬಡಗಿತನವನ್ನೂ ಕಲಿತಿದ್ದರು.

ಆಗ ಕುಷ್ಠರೋಗ ಎಂದರೆ ಜನ ಬೆಚ್ಚುತ್ತಿದ್ದರು. ಸಾಮಾನ್ಯ ಆಸ್ಪತ್ರೆಗಳು ಇಂಥ ರೋಗಿಗಳನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದವು. ವೈದ್ಯರು ಕೂಡ ಔಷಧಿ ಕೊಡುತ್ತಿದ್ದರೇ ವಿನಾ ಮುದುಡಿದ ಕೈ, ಹುಣ್ಣಾದ ಕಾಲುಗಳನ್ನು ಹತ್ತಿರದಿಂದ ನೋಡಿದವರು ಕಡಿಮೆ. ಆ ರೋಗದಲ್ಲಿ ಮಾಂಸವೇ ಕೆಟ್ಟುಹೋಗಿ ಬೆರಳುಗಳು ತಾವಾಗಿ ಉದುರುತ್ತವೆ ಎಂಬುದು ಎಲ್ಲರ ನಂಬಿಕೆಯಾಗಿತ್ತು.

ಬ್ರಾಂಡ್ ಒಮ್ಮೆ ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಡಾ. ರಾಬರ್ಟ್ ಕಾಕ್ರೇನ್ ಅವರೊಡನೆ ತಿರುಗಾಡುತ್ತಿದ್ದಾಗ, ಬೆರಳು ಮುದುಡಿದ ಒಬ್ಬ ರೋಗಿಯ ಕೈಯೊಳಗೆ ತಮ್ಮ ಕೈಯಿಟ್ಟು, ಹಿಡಿ ನೋಡೋಣ ಎಂದರು. ಆ ಹಿಡಿತ ಎಷ್ಟು ಬಲವಾಗಿತ್ತೆಂದರೆ ಅವರಿಗೆ ನೋವಾಯಿತು. ನಿಷ್ಪ್ರಯೋಜಕ ಎಂದುಕೊಂಡಿದ್ದ ಕೈಯಲ್ಲಿ ಗಟ್ಟಿಯಾದ ಸ್ನಾಯುಗಳು ಬದುಕಿದ್ದವು! ಹಾಗಾದರೆ ಆ ಕೈಯನ್ನು ಸರಿಪಡಿಸಬಹುದಲ್ಲವೆ? ಇಲ್ಲಿಂದ ಅವರ ಶೋಧನೆ ಮೊದಲಾಯಿತು. ಆರೋಗ್ಯವಾಗಿರುವ ಸ್ನಾಯುವಿನ ಸ್ನಾಯುರಜ್ಜುವನ್ನು ಬಿಡಿಸಿ, ಶಕ್ತಿಗುಂದಿದ ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಅವರು 1948ರಿಂದ ಕುಷ್ಠರೋಗಿಗಳಿಗೆ ಮಾಡತೊಡಗಿದರು. ಇದಕ್ಕೆಲ್ಲ ಕಾರಣವಾದದ್ದು ಯಾವ ಉಪಕರಣವೂ ಅಲ್ಲ, ಒಂದು ಕೈಕುಲುಕು. ಮುಟ್ಟದೆ ದೂರ ನಿಂತಿದ್ದರೆ ಅದು ತಿಳಿಯುತ್ತಲೇ ಇರಲಿಲ್ಲ.

ಇನ್ನು ಉದುರುವ ಬೆರಳುಗಳ ಸಂಗತಿ. ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ಕುಷ್ಠರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಕಂಡುಹಿಡಿದವರು ನಾರ್ವೆಯ ಹ್ಯಾನ್ಸನ್, 1873ರಲ್ಲಿ. ಇದು ಬಹಳ ನಿಧಾನವಾಗಿ ಬೆಳೆಯುವ ಜೀವಿ. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ದೇಹದ ತಂಪಾದ ಭಾಗಗಳಾದ ಕೈ, ಕಾಲು, ಮುಖಗಳ ನರಗಳಲ್ಲಿ ಇದು ನೆಲೆಸುತ್ತದೆ. ನರ ಹಾಳಾದರೆ ಏನಾಗುತ್ತದೆ? ನೋವು ತಿಳಿಯುವುದಿಲ್ಲ.

ಕರಿಗಿರಿ ಎಂಬಲ್ಲಿ, ವೆಲ್ಲೂರಿನ ಸಮೀಪ, 1955ರಲ್ಲಿ ಕುಷ್ಠರೋಗದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಬ್ರಾಂಡ್ ತಮ್ಮ ಅನುಭವವೊಂದನ್ನು ಹೀಗೆ ಹೇಳಿಕೊಂಡಿದ್ದಾರೆ. ಉಗ್ರಾಣವೊಂದರ ತುಕ್ಕು ಹಿಡಿದ ಬೀಗವನ್ನು ಅವರು ತೆಗೆಯಲಾರದೆ ಹೋದರು. ಹತ್ತು ವರ್ಷದ ಸೊರಗಿದ ಬಾಲಕನೊಬ್ಬ, ಅಲ್ಲಿನ ರೋಗಿ, ನಗುತ್ತ ಬಂದು ಕೀಲಿಕೈಯನ್ನು ಒಂದೇ ಸಲಕ್ಕೆ ತಿರುಗಿಸಿಬಿಟ್ಟ. ಅಚ್ಚರಿಯಿಂದ ಅವನ ಕೈ ನೋಡಿದರೆ, ಬೆರಳು ಮೂಳೆ ಕಾಣುವಷ್ಟು ಕತ್ತರಿಸಿ ರಕ್ತ ಸುರಿಯುತ್ತಿತ್ತು. ಹುಡುಗನಿಗೆ ಅದರ ಅರಿವೇ ಇಲ್ಲ! ನಿಮ್ಮ ನಮ್ಮ ಬೆರಳಾಗಿದ್ದರೆ ಕೀಲಿಕೈ ಒತ್ತಿದ ಕೂಡಲೇ ನೋವು ನಮ್ಮನ್ನು ತಡೆಯುತ್ತಿತ್ತು. ಅವನನ್ನು ತಡೆಯುವವರು ಯಾರೂ ಇರಲಿಲ್ಲ.

ಅಂದಿನಿಂದ ಅವರು ರೋಗಿಗಳ ದಿನಚರಿಯನ್ನು ಪತ್ತೇದಾರನಂತೆ ಗಮನಿಸತೊಡಗಿದರು. ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುವುದು, ಗುದ್ದಲಿಯ ಹಿಡಿಯಲ್ಲಿ ಎದ್ದಿರುವ ಮೊಳೆ, ಚಪ್ಪಲಿಯೊಳಗೆ ಸಿಕ್ಕಿದ ಕಲ್ಲು, ಇವೇ ಗಾಯಗಳ ಮೂಲ. ಕೆಲವರ ಬೆರಳು ರಾತ್ರಿ ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದುದೇಕೆ? ಕಾದು ನೋಡಿದಾಗ ತಿಳಿಯಿತು: ನಿದ್ದೆಯಲ್ಲಿದ್ದಾಗ ಇಲಿಗಳು ಕಡಿಯುತ್ತಿದ್ದವು. ನೋವಿಲ್ಲದ್ದರಿಂದ ಎಚ್ಚರವಾಗುತ್ತಿರಲಿಲ್ಲ. ಅದಕ್ಕೆ ಕಂಡುಕೊಂಡ ಉಪಾಯ ಬೆಕ್ಕು. ರೋಗಿಗಳು ಮನೆಗೆ ಹೊರಟಾಗ ಜೊತೆಗೊಂದು ಬೆಕ್ಕನ್ನೂ ಕಳುಹಿಸತೊಡಗಿದರು.

ಮಾಂಸ ಕೆಟ್ಟಿರಲಿಲ್ಲ. ಗಾಯ ಮಾಡಿಕೊಳ್ಳದಂತೆ ನೋಡಿಕೊಂಡರೆ ಅದು ಎಲ್ಲರ ಮಾಂಸದಂತೆಯೇ ಮಾಯುತ್ತಿತ್ತು. ಸಾವಿರಾರು ವರ್ಷಗಳಿಂದ ಶಾಪವೆಂದೂ ಪಾಪದ ಫಲವೆಂದೂ ಜನ ಕರೆದದ್ದರ ಹಿಂದೆ ಇದ್ದದ್ದು ಮೊಳೆ, ಕಲ್ಲು, ಬಿಸಿ ಪಾತ್ರೆ.

ಈಗ ಕಾಲಿನ ವಿಷಯಕ್ಕೆ ಬರೋಣ. ನಾವು ನಡೆಯುವಾಗ ಕಾಲಿನ ಒಂದು ಜಾಗ ನೋಯತೊಡಗಿದರೆ ನಮಗೆ ತಿಳಿಯದೆಯೇ ಭಾರವನ್ನು ಬೇರೆಡೆಗೆ ಹೊರಳಿಸುತ್ತೇವೆ. ನೋವು ಇಲ್ಲದವನು ಹಾಗೆ ಹೊರಳಿಸುವುದಿಲ್ಲ. ಅದೇ ಜಾಗದ ಮೇಲೆ ಸಾವಿರ ಸಲ, ಹತ್ತು ಸಾವಿರ ಸಲ ಭಾರ ಬಿದ್ದು ಒಳಗಿನಿಂದ ಹುಣ್ಣಾಗುತ್ತದೆ. ಹುಣ್ಣಾದ ಮೇಲೂ ಅದರ ಮೇಲೆಯೇ ನಡೆಯುತ್ತಾನೆ. ಇದನ್ನು ಅರಿತ ಮೇಲೆ ಮದ್ದು ಸರಳವಾಯಿತು. ಹುಣ್ಣಾದ ಕಾಲಿಗೆ ಪ್ಲಾಸ್ಟರ್ ಹಾಕಿ ಭಾರವನ್ನು ಇಡೀ ಪಾದಕ್ಕೆ ಹಂಚುವುದು; ಮಾಯ್ದ ಮೇಲೆ ಮೃದುವಾದ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ತೊಡಿಸುವುದು; ಪ್ರತಿದಿನ ಕಾಲು ತೊಳೆದು, ಗಾಯವಿದೆಯೇ ಎಂದು ನೋಡಿಕೊಳ್ಳುವ ಅಭ್ಯಾಸ ಮಾಡಿಸುವುದು.

ದೊಡ್ಡ ಶಸ್ತ್ರವೈದ್ಯರೊಬ್ಬರು ರೋಗಿಯ ಮುಂದೆ ಕುಳಿತು, ಅವನ ಪಾದವನ್ನು ಕೈಯಲ್ಲಿ ಹಿಡಿದು, ಚಪ್ಪಲಿಯ ಅಳತೆ ನೋಡುವ ದೃಶ್ಯವನ್ನು ಕಲ್ಪಿಸಿಕೊಳ್ಳಿ. ನಾನು ಆರಂಭದಲ್ಲಿ ಹೇಳಿದ ಬೋಗುಣಿಯೂ ಟವೆಲೂ ಇಲ್ಲಿ ಮತ್ತೆ ಕಾಣಿಸುತ್ತಿಲ್ಲವೆ? ಆದರೆ ಇದು ವರ್ಷಕ್ಕೊಮ್ಮೆ ನಡೆಯುವ ವಿಧಿಯಲ್ಲ, ದಿನನಿತ್ಯದ ಕೆಲಸ.

ವಿನಯವೆಂದರೆ ಕಲಿಯಲು ಸಿದ್ಧವಿರುವುದೂ ಹೌದು. ಬ್ರಾಂಡ್ ಅವರಿಗೆ ಒಂದು ಸೋಲು ಎದುರಾಯಿತು. ಶಸ್ತ್ರಚಿಕಿತ್ಸೆಯಿಂದ ಕೈ ಸರಿಹೋದ ರೋಗಿಯೊಬ್ಬ ಕೆಲವು ಕಾಲದ ಮೇಲೆ ಹಿಂತಿರುಗಿ ಬಂದು, ಈ ಕೈಗಳಿಂದ ನನಗೆ ನಷ್ಟವಾಯಿತು ಎಂದು ದೂರಿದನಂತೆ. ಮುದುಡಿದ ಕೈ ಕಂಡರೆ ಜನ ಭಿಕ್ಷೆ ಹಾಕುತ್ತಿದ್ದರು; ಈಗ ಹಾಕುವುದಿಲ್ಲ. ಕೆಲಸ ಕೊಡೋಣವೆಂದರೆ ಮುಖದ ಮೇಲಿನ ರೋಗದ ಗುರುತು ನೋಡಿ ಯಾರೂ ಕೊಡುವುದಿಲ್ಲ. ಬೇರೆಯವರಾಗಿದ್ದರೆ ಉಪಕಾರ ಸ್ಮರಣೆ ಇಲ್ಲದವನು ಎಂದು ಬೈದು ಕಳುಹಿಸುತ್ತಿದ್ದರು. ಬ್ರಾಂಡ್ ಹಾಗೆ ಮಾಡಲಿಲ್ಲ. ತಪ್ಪಿದ್ದು ತಮ್ಮ ಲೆಕ್ಕದಲ್ಲಿ ಎಂದು ತಿಳಿದರು. ಕೈಯನ್ನು ಸರಿಪಡಿಸಿದರೆ ಸಾಲದು, ಆ ಕೈಗೆ ಕೆಲಸವೂ ಬೇಕು.

ಹೀಗೆ 1951ರಲ್ಲಿ ವೆಲ್ಲೂರಿನ ಕಾಲೇಜಿನ ಆವರಣದಲ್ಲಿ 'ನವಜೀವನ ಕೇಂದ್ರ' ಆರಂಭವಾಯಿತು. ಹಳ್ಳಿಯ ಮಾದರಿಯ ಸರಳ ಗುಡಿಸಲುಗಳು. ಚಿಕಿತ್ಸೆ ಪಡೆದವರು ಅಲ್ಲಿ ಒಟ್ಟಿಗೆ ವಾಸಿಸುತ್ತ ಮರಗೆಲಸ ಕಲಿತು ಆಟದ ಸಾಮಾನುಗಳನ್ನು ಮಾಡುತ್ತಿದ್ದರು. ಮರಗೆಲಸ ಹೇಳಿಕೊಡಲು ಬಂದದ್ದು ಯಾವ ವಿದ್ಯೆ? ಶಸ್ತ್ರವಿದ್ಯೆಯಲ್ಲ; ತರುಣನಾಗಿದ್ದಾಗ ಬ್ರಾಂಡ್ ಕಲಿತಿದ್ದ ಬಡಗಿತನ! ನೋವಿಲ್ಲದ ಕೈಗಳಿಂದ ಗರಗಸ, ಉಳಿಗಳನ್ನು ಗಾಯವಾಗದಂತೆ ಹಿಡಿಯುವುದು ಹೇಗೆಂಬುದನ್ನು ವೈದ್ಯರೂ ರೋಗಿಗಳೂ ಕೂಡಿಯೇ ಕಂಡುಕೊಳ್ಳಬೇಕಾಗಿತ್ತು. ಇಲ್ಲಿ ಕಲಿಸುವವನು ಯಾರು, ಕಲಿಯುವವನು ಯಾರು ಎಂದು ಗೆರೆ ಎಳೆಯುವುದು ಕಷ್ಟ. ಸಮುದಾಯ ಜೀವನ ಎಂದರೆ ಇದೇ.

ಒಮ್ಮೆ ಇಂಗ್ಲೆಂಡಿನಲ್ಲಿ ಬಹುದೂರ ರೈಲಿನಲ್ಲಿ ಪ್ರಯಾಣ ಮಾಡಿ ಬಂದ ರಾತ್ರಿ ಬ್ರಾಂಡ್ ಕಾಲುಚೀಲ ತೆಗೆಯುವಾಗ ಅವರ ಹಿಮ್ಮಡಿಗೆ ಸ್ಪರ್ಶವೇ ಇರಲಿಲ್ಲ. ಸೂಜಿ ಚುಚ್ಚಿದರು, ನೋವಿಲ್ಲ. ತಮಗೂ ರೋಗ ಬಂತೆಂದು ಇಡೀ ರಾತ್ರಿ ನಿದ್ದೆಯಿಲ್ಲದೆ ಕಳೆದರು. ಹೆಂಡತಿ ಮಕ್ಕಳಿಂದ ದೂರವಾಗಬೇಕಾದೀತು ಎಂದು ಚಿಂತಿಸಿದರು. ಬೆಳಿಗ್ಗೆ ಮತ್ತೆ ಚುಚ್ಚಿದಾಗ ಚುರುಕ್ಕೆಂದಿತು! ರೈಲಿನಲ್ಲಿ ಕುಳಿತ ಭಂಗಿಯಿಂದ ನರವೊಂದು ಒತ್ತಿ ಜೋಮು ಹಿಡಿದಿತ್ತು ಅಷ್ಟೆ. ನೋವಿಗಾಗಿ ದೇವರಿಗೆ ವಂದನೆ ಹೇಳಿದ ಮನುಷ್ಯ ಅವರು. ಆ ಒಂದು ರಾತ್ರಿ ಅವರನ್ನು ರೋಗಿಗಳ ಸಾಲಿಗೆ ಇಳಿಸಿತು. ಎಷ್ಟೋ ಜನ ವರ್ಷಗಟ್ಟಲೆ ಅನುಭವಿಸಿದ್ದನ್ನು ಅವರು ಆರೇಳು ಗಂಟೆ ಅನುಭವಿಸಿದರು.

ಇದೇ ವೆಲ್ಲೂರಿನ ಇನ್ನೊಬ್ಬರ ಕಥೆ ಹೇಳದಿದ್ದರೆ ಈ ಮಾತು ಅರ್ಧವೇ ಆಗುತ್ತದೆ. ಅವರು ಡಾ. ಮೇರಿ ವರ್ಗೀಸ್. ಹುಟ್ಟಿದ್ದು 1925ರಲ್ಲಿ, ಕೇರಳದಲ್ಲಿ. ವೆಲ್ಲೂರಿನಲ್ಲೇ ಓದಿ ವೈದ್ಯರಾದವರು. 1954ರಲ್ಲಿ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಅದುವರೆಗೆ ಇತರರ ಸೇವೆ ಮಾಡುತ್ತಿದ್ದವರು ಈಗ ಒಂದೊಂದಕ್ಕೂ ಇನ್ನೊಬ್ಬರ ಕೈ ಕಾಯಬೇಕಾಯಿತು. ಪೇತ್ರನ ನೆನಪು ಮಾಡಿಕೊಳ್ಳಿ. ಅವನಿಗೆ ಕಷ್ಟವಾದದ್ದು ಕಾಲು ತೊಳೆಯುವುದಲ್ಲ, ತೊಳೆಸಿಕೊಳ್ಳುವುದು. ಸೇವೆ ಮಾಡುವುದಕ್ಕಿಂತ ಸೇವೆಯನ್ನು ಸ್ವೀಕರಿಸುವುದಕ್ಕೆ ಕೆಲವೊಮ್ಮೆ ಹೆಚ್ಚು ವಿನಯ ಬೇಕು.

ಕುಷ್ಠರೋಗಿಗಳ ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತುಕೊಂಡೇ ಮಾಡಬಹುದು ಎಂದು ಬ್ರಾಂಡ್ ಸೂಚಿಸಿದರು. ಗಾಲಿಕುರ್ಚಿಯಲ್ಲಿ ಕುಳಿತೇ ಮೇರಿ ವರ್ಗೀಸ್ ಆ ವಿದ್ಯೆಯನ್ನು ಕಲಿತರು. ತಮ್ಮದೇ ದೇಹ ಸೋತದ್ದನ್ನು ಕಂಡ ವೈದ್ಯೆಯನ್ನು ರೋಗಿಗಳು ತಮ್ಮವರೆಂದು ತಿಳಿದದ್ದು ಸಹಜ. ಮುಂದೆ ಆಸ್ಟ್ರೇಲಿಯ ಮತ್ತು ಅಮೆರಿಕದಲ್ಲಿ ಹೆಚ್ಚಿನ ತರಬೇತಿ ಪಡೆದು ಬಂದು, ಅಂಗವಿಕಲರ ಪುನರ್ವಸತಿ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಸಂಸ್ಥೆ ಆರಂಭವಾಯಿತು. 1972ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಅವರು 1986ರಲ್ಲಿ ತೀರಿಕೊಂಡರು.

ಮಿತ್ರರೆ, ಇಂಥ ಕಥೆಗಳನ್ನು ಕೇಳಿದಾಗ ಒಂದು ಎಚ್ಚರಿಕೆಯೂ ಬೇಕು. ಸೇವೆ ಮಾಡಿದವರ ಹೆಸರು ಪುಸ್ತಕಗಳಲ್ಲಿ ಉಳಿಯುತ್ತದೆ. ಸೇವೆ ಪಡೆದವರು ಬರಿಯ 'ರೋಗಿಗಳು' ಆಗಿ ಮರೆಯಾಗುತ್ತಾರೆ. ಮೊದಲ ಶಸ್ತ್ರಚಿಕಿತ್ಸೆಗೆ ತಮ್ಮ ಕೈಯನ್ನು ಧೈರ್ಯವಾಗಿ ಒಡ್ಡಿದವರು, ಸರಿಹೋದ ಕೈ ಸಾಲದು ಎಂದು ಮುಖಕ್ಕೆ ಹೇಳಿದವರು, ಅವರೂ ಈ ವಿದ್ಯೆಯನ್ನು ಕಟ್ಟಿದವರೇ. ಇನ್ನೊಂದು ಮಾತು. ಕಾಲು ತೊಳೆದ ಗುರುವಿನ ಕಥೆಯನ್ನು ಶತಮಾನಗಳಿಂದ ಓದಿದ ಕ್ರೈಸ್ತ ಸಮಾಜಗಳೂ ಮಧ್ಯಯುಗದ ಯೂರೋಪಿನಲ್ಲಿ ಕುಷ್ಠರೋಗಿಗಳನ್ನು ಊರ ಹೊರಗೆ ಇಟ್ಟಿದ್ದವು. ನಮ್ಮ ದೇಶದಲ್ಲಿ 1898ರ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು 2016ರಲ್ಲಿ. ಹಿಂದೂ ಮತ್ತು ಕ್ರೈಸ್ತ ವಿವಾಹ ವಿಚ್ಛೇದನ ಕಾನೂನುಗಳಲ್ಲಿ ಕುಷ್ಠರೋಗವೂ ಒಂದು ಕಾರಣವಾಗಿ ಉಳಿದಿತ್ತು. ಅದನ್ನು ತೆಗೆದದ್ದು 2019ರಲ್ಲಿ. ಒಳ್ಳೆಯ ಮಾತನ್ನು ಓದುವುದು ಬೇರೆ, ಮೊಣಕಾಲೂರುವುದು ಬೇರೆ.

ಈಗ ಆ ರೋಗಕ್ಕೆ ಪೂರ್ಣ ಚಿಕಿತ್ಸೆ ಇದೆ. ಮೂರು ಔಷಧಿಗಳನ್ನು ಕೂಡಿಸಿ ಕೊಡುವ ಬಹುಔಷಧಿ ಚಿಕಿತ್ಸೆಯನ್ನು 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಆರು ತಿಂಗಳು ಇಲ್ಲವೆ ಒಂದು ವರ್ಷ ತಪ್ಪದೆ ಸೇವಿಸಿದರೆ ರೋಗ ವಾಸಿಯಾಗುತ್ತದೆ. ಬಹುಪಾಲು ಜನರಿಗೆ ಈ ರೋಗದ ವಿರುದ್ಧ ಹುಟ್ಟಿನಿಂದಲೇ ಪ್ರತಿರೋಧ ಶಕ್ತಿ ಇರುತ್ತದೆ. ಹಾಗಿದ್ದರೂ ಭಾರತದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಚರ್ಮದ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೆ ನಾಚದೆ, ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು. ಬೇಗ ತೋರಿಸಿದರೆ ನರಗಳು ಉಳಿಯುತ್ತವೆ.

ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಬ್ರಾಂಡ್ 1966ರಲ್ಲಿ ಅಮೆರಿಕಕ್ಕೆ ಹೋಗಿ, ಲೂಸಿಯಾನದ ಕಾರ್ವಿಲ್ ಎಂಬಲ್ಲಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಅಲ್ಲಿ ಅವರು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೂ ಕಾರಣ ಇದೇ ಎಂಬುದನ್ನು ಎತ್ತಿ ತೋರಿಸಿದರು. ಅಲ್ಲೂ ನರಗಳು ಕ್ಷೀಣಿಸಿ ಕಾಲಿನ ನೋವು ತಿಳಿಯದಾಗುತ್ತದೆ. ವೆಲ್ಲೂರಿನ ಬಡ ರೋಗಿಗಳಿಂದ ಕಲಿತ ಪಾಠ ಶ್ರೀಮಂತ ದೇಶಗಳ ರೋಗಿಗಳ ಕಾಲುಗಳನ್ನೂ ಉಳಿಸಿತು. ಬ್ರಾಂಡ್ 2003ರಲ್ಲಿ ತೀರಿಕೊಂಡರು. ಭಾರತದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ಹತ್ತು ಕೋಟಿ ಮುಟ್ಟಿದೆ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ತಿಳಿಸಿದೆ. ಅವರಲ್ಲಿ ನಿಮ್ಮ ಅಜ್ಜಿಯೋ, ತಾತನೋ, ತಂದೆಯೋ ಇರಬಹುದು.

ಆದ್ದರಿಂದ ಇಂದು ಸಂಜೆ ನೀವು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರಿದ್ದರೆ ಅವರನ್ನು ಕುರ್ಚಿಯಲ್ಲಿ ಕೂರಿಸಿ. ಒಂದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿ. ನೀರು ಹೆಚ್ಚು ಬಿಸಿಯಿಲ್ಲವೆಂದು ನಿಮ್ಮ ಮೊಣಕೈಯಿಂದ ನೋಡಿ. ಅವರ ಕಾಲಿಗೆ ಅದು ತಿಳಿಯದೆ ಹೋಗಬಹುದು. ನೆಲದ ಮೇಲೆ ಕುಳಿತು ಕಾಲು ತೊಳೆಯಿರಿ. ಬೆರಳುಗಳ ಸಂದಿಯನ್ನು ಚೆನ್ನಾಗಿ ಒರೆಸಿ. ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿ: ಗುಳ್ಳೆ ಇದೆಯೆ, ಬಿರುಕಿದೆಯೆ, ಕೆಂಪಾಗಿದೆಯೆ, ಮುಳ್ಳು ಸಿಕ್ಕಿದೆಯೆ? ಚಪ್ಪಲಿಯೊಳಗೆ ಕೈಯಾಡಿಸಿ ಮೊಳೆಯೋ ಕಲ್ಲೋ ಇದೆಯೇ ಎಂದು ಪರೀಕ್ಷಿಸಿ. ಬರಿಗಾಲಲ್ಲಿ ನಡೆಯಬೇಡಿ ಎಂದು ಹೇಳಿ. ಗಾಯ ಕಂಡರೆ ನಾಳೆಯೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ವಯಸ್ಸಾದವರಿಗೆ ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳಲು ಆಗುವುದಿಲ್ಲ. ಕಣ್ಣೂ ಮಂಜಾಗಿರುತ್ತದೆ. ಅವರು ಬೇಡ ಬೇಡ ಎನ್ನಬಹುದು, ಪೇತ್ರನಂತೆ. ನೀವು ಬಿಡಬೇಡಿ. ಮೊದಲ ದಿನ ನಿಮಗೂ ಸಂಕೋಚವಾದೀತು. ಹತ್ತು ದಿನ ಮಾಡಿದರೆ ಅದು ಹಲ್ಲುಜ್ಜಿದಂತೆ ದಿನದ ಕೆಲಸವಾಗುತ್ತದೆ. ಆಗ ನಿಮಗೆ ನಿಮ್ಮ ವಿನಯದ ನೆನಪೂ ಇರುವುದಿಲ್ಲ. ಅಜ್ಜಿಯ ಎಡಗಾಲಿನ ಕಿರುಬೆರಳಿನ ಪಕ್ಕದ ಗುಳ್ಳೆ ನಿನ್ನೆಗಿಂತ ಕಡಿಮೆಯಾಗಿದೆಯೇ ಎಂಬುದಷ್ಟೇ ನೆನಪಿರುತ್ತದೆ.

ನೀವು ಯಾವ ಧರ್ಮದವರೇ ಆಗಿರಿ, ನೀರಿಗೂ ಟವೆಲಿಗೂ ಅದರ ಭೇದವಿಲ್ಲ.